ಟಿಕೆಟ್ ಇದ್ದರೂ ಗೇಟ್ ತೆರೆಯಲಿಲ್ಲ: ಬ್ರಿಟನ್ನಿನ ರೈಲು ದರದ ಲೆಕ್ಕಾಚಾರ

ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಓದ್ತಿದ್ದಾರೆ, ಘಟಿಕೋತ್ಸವಕ್ಕೆ ಅಪ್ಪ ಅಮ್ಮ ಹೊರಟಿದ್ದಾರೆ. ವೀಸಾ ಆಯ್ತು, ವಿಮಾನದ ಟಿಕೆಟ್ ಆಯ್ತು, ಚಟ್ನಿಪುಡಿ ಕಟ್ಟಿದ್ದೂ ಆಯ್ತು. ಆದ್ರೆ ಅಲ್ಲಿನ ರೈಲಿನ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ನಾವೂ ಕೆಡಿಸ್ಕೊಂಡಿರಲಿಲ್ಲ.

ನಮ್ಮ ಮಗಳು ಉತ್ತರ ಇಂಗ್ಲೆಂಡಿನ ಒಂದು ಊರಿನಲ್ಲಿ ಓದ್ತಿದ್ಳು. ನಮಗಾಗಿ ಲಂಡನ್‌ನಿಂದ ಅಲ್ಲಿಗೆ ಎರಡು ತಿಂಗಳು ಮೊದಲೇ ಟಿಕೆಟ್ ತೆಗೆದಿಟ್ಟಿದ್ಳು. ವಿಮಾನ ತಡವಾಯ್ತು. ಸೂಟ್‌ಕೇಸ್ ಎಳ್ಕೊಂಡು ಸ್ಟೇಷನ್ನಿಗೆ ಹೋಗೋ ಹೊತ್ತಿಗೆ ರೈಲು ಹೊರಟುಹೋಗಿತ್ತು. 'ಅದಕ್ಕೇನಂತೆ, ಟಿಕೆಟ್ ಇದೆಯಲ್ಲ, ಮುಂದಿನದಕ್ಕೆ ಹತ್ತೋಣ' ಅಂದೆ ನಾನು. ಗೇಟ್ ತೆರೀಲೇ ಇಲ್ಲ. ಕೊನೆಗೆ ಕೌಂಟರಿನಲ್ಲಿ ಹೊಸ ಟಿಕೆಟ್ ತಗೊಂಡ್ವಿ. ಮಗಳು ಕೊಟ್ಟಿದ್ದಕ್ಕಿಂತ ಮೂರು ಪಟ್ಟು ದುಡ್ಡು. ಮನೆಯಾಕೆ ಪೌಂಡನ್ನು ರೂಪಾಯಿಗೆ ಬದಲಿಸಿ ಲೆಕ್ಕ ಹಾಕ್ತಾನೇ ಇದ್ಲು, ರೈಲು ಇಳಿಯೋವರೆಗೂ!

ತಪ್ಪು ನಮ್ಮದೇ. ಅವಳು ತೆಗೆದಿದ್ದು 'ಅಡ್ವಾನ್ಸ್' ಟಿಕೆಟ್. ಆ ಹೆಸರು ಕೇಳಿ ನಾವು ಮುಂಗಡ ಬುಕಿಂಗ್ ಅಂದ್ಕೊಂಡಿದ್ವಿ. ಅದು ಮುಂಗಡವೂ ಹೌದು, ಆದ್ರೆ ಮುಖ್ಯವಾಗಿ ಅದು ಒಂದೇ ರೈಲಿಗೆ ಕಟ್ಟಿಹಾಕಿದ ಟಿಕೆಟ್. ಆ ರೈಲು ತಪ್ಪಿದ್ರೆ ಟಿಕೆಟ್ ಕೆಲಸಕ್ಕೆ ಬರಲ್ಲ. ಒಂದು ರೈಲು ತಡವಾಗಿ ಬಂದು ಮುಂದಿನ ರೈಲು ತಪ್ಪಿದ್ರೆ ಮಾತ್ರ ವಿನಾಯಿತಿ ಇದೆ. ವಿಮಾನ ತಡವಾದ್ರೆ ಅದು ರೈಲಿನವರ ಹೊಣೆ ಅಲ್ಲ.

ಇದಲ್ಲದೆ ಇನ್ನೆರಡು ಜಾತಿ ಇದೆ. 'ಎನಿಟೈಮ್' ಅಂದ್ರೆ ಯಾವ ಹೊತ್ತಿನ ರೈಲಿಗಾದ್ರೂ ಹತ್ತಬಹುದು, ದರವೂ ಹಾಗೇ ಇರುತ್ತೆ. 'ಆಫ್‌ಪೀಕ್' ಅಂದ್ರೆ ಗದ್ದಲ ಇಲ್ಲದ ಹೊತ್ತಿನದು. ಶನಿವಾರ, ಭಾನುವಾರ ಸಾಮಾನ್ಯವಾಗಿ ಇಡೀ ದಿನ ಆಫ್‌ಪೀಕೇ. ವಾರದ ದಿನಗಳಲ್ಲಿ ಎಷ್ಟು ಗಂಟೆಗೆ ಶುರು ಅನ್ನೋದು ಮಾರ್ಗದಿಂದ ಮಾರ್ಗಕ್ಕೆ ಬದಲಾಗುತ್ತೆ, ಆದ್ದರಿಂದ ಕೊಳ್ಳೋವಾಗಲೇ ಟಿಕೆಟ್ಟಿನ ಷರತ್ತು ತೆರೆದು ಓದಿ. ವಿಮಾನ ಇಳಿದ ದಿನಕ್ಕೆ ನನ್ನ ಮಟ್ಟಿಗೆ ಆಫ್‌ಪೀಕೇ ಸರಿ. ಸ್ವಲ್ಪ ಜಾಸ್ತಿ ಆದ್ರೂ ಉಸಿರಾಡೋಕೆ ಜಾಗ ಇರುತ್ತೆ.

ನಮ್ಮಲ್ಲಿ ಟಿಕೆಟ್ ಕನ್ಫರ್ಮ್ ಅಂದ್ರೆ ಸೀಟು ಸಿಕ್ತು ಅಂತ ಅರ್ಥ. ಅಲ್ಲಿ ಹಾಗಲ್ಲ. ಟಿಕೆಟ್ ಅಂದ್ರೆ ಪ್ರಯಾಣ ಮಾಡೋ ಹಕ್ಕು, ಸೀಟು ಬೇರೆ ವಿಷಯ. ವೇಟಿಂಗ್ ಲಿಸ್ಟ್ ಅನ್ನೋದೇ ಇಲ್ಲ. ರಿಸರ್ವೇಷನ್ ಇಲ್ದೇ ಹತ್ತಿ, ಖಾಲಿ ಸೀಟು ಕಂಡ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ನಿಂತ್ಕೊಳ್ಳಿ.

ಈಗ ತಮಾಷೆ ಕೇಳಿ. ಲಂಡನ್‌ನಿಂದ ಲೀಡ್ಸ್‌ಗೆ ಒಂದು ಟಿಕೆಟ್ ತಗೊಳ್ಳೋ ಬದಲು, ಲಂಡನ್‌ನಿಂದ ಪೀಟರ್‌ಬರೋಗೆ ಒಂದು, ಪೀಟರ್‌ಬರೋದಿಂದ ಲೀಡ್ಸ್‌ಗೆ ಇನ್ನೊಂದು ತಗೊಂಡ್ರೆ ಕೆಲವು ಸಲ ಅಗ್ಗ. ಅದೇ ರೈಲು, ಅದೇ ಬೋಗಿ! ಇದಕ್ಕೆ 'ಸ್ಪ್ಲಿಟ್ ಟಿಕೆಟಿಂಗ್' ಅಂತಾರೆ, ಪೂರ್ತಿ ಕಾನೂನುಬದ್ಧ. ಒಂದೇ ಷರತ್ತು: ರೈಲು ಆ ನಡುವಿನ ಸ್ಟೇಷನ್ನಿನಲ್ಲಿ ನಿಲ್ಲಬೇಕು. ನೀವು ಇಳಿಯಬೇಕಾಗಿಲ್ಲ. ಹೀಗ್ಯಾಕೆ ಅಂದ್ರೆ, ಅಲ್ಲಿ ದರ ಕಿಲೋಮೀಟರ್ ಲೆಕ್ಕದಲ್ಲಿಲ್ಲ, ಎರಡೆರಡು ಸ್ಟೇಷನ್ನುಗಳ ನಡುವೆ ಬೇರೆ ಬೇರೆಯಾಗಿ ನಿಗದಿಯಾಗಿದೆ. 1993ರ ಕಾಯ್ದೆಯ ನಂತರ ರೈಲುಗಳು ಖಾಸಗಿ ಕಂಪನಿಗಳ ಕೈಗೆ ಹೋದ ಮೇಲೆ ಈ ಗೋಜಲು ಇನ್ನೂ ಬೆಳೀತು.

ಗಂಡ ಹೆಂಡತಿ ಒಟ್ಟಿಗೆ ಓಡಾಡೋದಾದ್ರೆ 'ಟು ಟುಗೆದರ್' ರೈಲ್‌ಕಾರ್ಡ್ ನೋಡಿ. ಇಬ್ಬರ ಫೋಟೋ, ಇಬ್ಬರ ಹೆಸರು, ಒಂದೇ ಕಾರ್ಡ್. ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತೆ. ವಾರದ ದಿನ ಬೆಳಗ್ಗೆ ಒಂಬತ್ತೂವರೆ ಆಗೋವರೆಗೆ ನಡೆಯಲ್ಲ. 60 ದಾಟಿದವರಿಗೆ ಸೀನಿಯರ್ ಕಾರ್ಡ್ ಬೇರೆ ಇದೆ. ಈ ಕಾರ್ಡುಗಳ ಬೆಲೆ 2025ರ ಮಾರ್ಚ್‌ನಲ್ಲಿ 30ರಿಂದ 35 ಪೌಂಡ್‌ಗೆ ಏರಿತು. ಎರಡು ಉದ್ದದ ಪ್ರಯಾಣ ಇದ್ರೂ ಸಾಕು, ದುಡ್ಡು ವಾಪಸ್ ಬಂದ ಹಾಗೆ. ಮಕ್ಕಳ ಹತ್ರ ಇರೋ 16-25 ಕಾರ್ಡನ್ನ ನೀವು ತೋರಿಸೋಕೆ ಹೋಗ್ಬೇಡಿ. ಇಂಗ್ಲೆಂಡಿನಲ್ಲಿ 2023ರಿಂದ ದಂಡ 100 ಪೌಂಡ್, ಅದರ ಮೇಲೆ ಟಿಕೆಟ್ ದರ. 21 ದಿನದೊಳಗೆ ಕಟ್ಟಿದ್ರೆ 50. 'ನಂಗೆ ಗೊತ್ತಿರ್ಲಿಲ್ಲ ಸಾರ್' ಅನ್ನೋದು ಅಲ್ಲಿ ನಡೆಯಲ್ಲ.

ಲಂಡನ್ ಊರೊಳಗೆ ಟಿಕೆಟ್ಟೇ ಬೇಡ, ಬ್ಯಾಂಕ್ ಕಾರ್ಡ್ ಮುಟ್ಟಿಸಿ ಒಳಗೆ ಹೋಗಬಹುದು. ಆದ್ರೆ ಇಬ್ಬರಿಗೆ ಎರಡು ಕಾರ್ಡ್ ಬೇಕು. ಮತ್ತೆ, ಒಳಗೆ ಹೋಗೋವಾಗ ಕಾರ್ಡ್ ಮುಟ್ಟಿಸಿ, ಹೊರಗೆ ಬರೋವಾಗ ಫೋನ್ ಮುಟ್ಟಿಸಿದ್ರೆ, ಖಾತೆ ಒಂದೇ ಆದ್ರೂ ಯಂತ್ರಕ್ಕೆ ನೀವು ಇಬ್ಬರು ಬೇರೆ ಬೇರೆ ಮನುಷ್ಯರು. ಎರಡಕ್ಕೂ ಗರಿಷ್ಠ ದರ ಬೀಳುತ್ತೆ.

ವಾಪಸ್ ಬರೋವಾಗ ನಮ್ಮ ರೈಲೇ ಒಂದು ಗಂಟೆಗಿಂತ ಹೆಚ್ಚು ತಡವಾಯ್ತು. ನಾನು ಗೊಣಗ್ತಿದ್ದೆ, ಮಗಳು ಫೋನಿನಲ್ಲಿ ನಗ್ತಿದ್ಳು. 'ಅಪ್ಪಾ, ಟಿಕೆಟ್ ಬಿಸಾಡ್ಬೇಡಿ, ಫೋಟೋ ಕಳಿಸಿ' ಅಂದ್ಳು. ಅಲ್ಲಿ 'ಡಿಲೇ ರಿಪೇ' ಅಂತ ಒಂದಿದೆ. ರೈಲು ತಡವಾದ್ರೆ ಪರಿಹಾರ ಕೇಳಬಹುದು, 28 ದಿನದೊಳಗೆ ಅರ್ಜಿ ಹಾಕಬೇಕು, ಒಂದು ಗಂಟೆ ದಾಟಿದ್ರೆ ಒಂದು ಬದಿಯ ಟಿಕೆಟ್ಟಿನ ಪೂರ್ತಿ ಹಣ. ಅವಳೇ ಅರ್ಜಿ ಹಾಕಿದ್ಳು, ಹಣ ಅವಳ ಖಾತೆಗೇ ಬಂತು. ನಮಗೆ ಇನ್ನೂ ಕೊಟ್ಟಿಲ್ಲ.