ಓಣಿಯ ಸೇವೆ ಮತ್ತು ಅದರ ಲೆಕ್ಕ

ಮಹೋತ್ಸವದ ಈ ಸಭೆಯಲ್ಲಿ ಸ್ವಯಂಸೇವಕರ ತಂಡಗಳನ್ನು ಕಟ್ಟುವ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ನಾನಾದರೋ ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿಕೊಂಡವನು; ಗುದ್ದಲಿ ಹಿಡಿದವರಿಗೆ ಗುದ್ದಲಿಯ ಮಾತು ಹೇಳುವ ಅಧಿಕಾರ ನನಗಿಲ್ಲ. ಆದರೆ ತಪ್ಪು ಮಾಡಿ ಕಲಿತವನಿಗೆ ಒಂದಿಷ್ಟು ಹೇಳುವ ಹಕ್ಕು ಬರುತ್ತದೆಂದು ತಿಳಿದು ನಿಂತಿದ್ದೇನೆ.

ನಮ್ಮ ಚೊಳಚಗುಡ್ಡದವರಿಗೆ ಸೇವೆಯೆಂಬುದು ಹೊಸದಲ್ಲ. ಬನದ ಹುಣ್ಣಿವೆ ಬಂದಿತೆಂದರೆ ಬನಶಂಕರಿಯ ಜಾತ್ರೆಗೆ ನಾಡೇ ಹರಿದು ಬರುತ್ತದೆ. ತೇರು, ತೆಪ್ಪ, ಬಾಗಿಲು ಚೌಕಟ್ಟುಗಳ ವ್ಯಾಪಾರ, ವಾರಗಟ್ಟಲೆ ನಡೆಯುವ ನಾಟಕಗಳು. ಬಂದವರಿಗೆ ನೀರು, ಅನ್ನ, ನೆರಳು ಕೊಡುವದರಲ್ಲಿ ನಮ್ಮ ತರುಣರು ಎಂದೂ ಹಿಂದೆ ಬಿದ್ದಿಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಡಲಾಗಿ ಮಲಪ್ರಭೆಯು ಉಕ್ಕಿ, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿದ ದಿನಗಳನ್ನು ಇಲ್ಲಿ ಮರೆತವರು ಯಾರು? ಆಗ ಕರೆಯದೆ ಬಂದ ಕೈಗಳೆಷ್ಟು! ಆದರೆ ವಿಪತ್ತಿನ ಸೇವೆ ಬೇರೆ, ನಿತ್ಯದ ಸೇವೆ ಬೇರೆ. ಹೊಳೆ ಇಳಿದ ಮೇಲೆ ಓಣಿಯ ಗಟಾರವನ್ನು ನೋಡುವವರು ವಿರಳ. ನಾನು ಹೇಳಬೇಕೆಂದಿರುವದು ಈ ಎರಡನೆಯ ಸೇವೆಯನ್ನು ಕುರಿತು.

ಕೆಲವು ವರ್ಷಗಳ ಹಿಂದೆ ಒಂದು ಓಣಿಯ ಸುಧಾರಣೆಗೆಂದು ಮಠದ ಭಕ್ತರಿಂದ ಜೋಳವನ್ನೂ ಹಣವನ್ನೂ ಕೂಡಿಸಿದೆವು. ಏನು ಮಾಡಬೇಕೆಂದು ಗೊತ್ತುಮಾಡಿದವನು ನಾನೇ. ಗ್ರಂಥಗಳಲ್ಲಿ ವೃಕ್ಷಾರೋಪಣದ ಪುಣ್ಯವನ್ನು ಓದಿದ್ದೆನಷ್ಟೆ. ಎರಡು ಸಾಲು ಸಸಿಗಳನ್ನು ನೆಡಿಸಿದೆ. ಉತ್ಸವವಾಯಿತು, ಹಾರಗಳಾದವು. ಬೇಸಿಗೆ ಕಳೆಯುವಷ್ಟರಲ್ಲಿ ಆಡುಗಳು ತಿಂದು, ಬಿಸಿಲು ಸುಟ್ಟು, ಎರಡೇ ಸಸಿಗಳುಳಿದವು. ಆಗ ಆ ಓಣಿಯ ಒಬ್ಬ ವೃದ್ಧ ತಾಯಿಯು ನನ್ನನ್ನು ನಿಲ್ಲಿಸಿ, “ಶಾಸ್ತ್ರಿಗಳೇ, ಗಿಡ ಹಚ್ಚೂದಕ್ಕ ಬಂದಾಗ ನಮ್ಮ ನಳದ ಮುಂದಿನ ಕೆಸರು ನಿಮಗ ಕಾಣಲಿಲ್ಲೇನ್ರಿ?” ಎಂದಳು. ಕಾಣಲಿಲ್ಲವೆಂಬುದೇ ನಿಜ. ಆ ಕೆಸರಿನಲ್ಲಿಯೇ ಹೆಣ್ಣುಮಕ್ಕಳು ದಿನವೂ ಕೊಡ ಹೊತ್ತು ಜಾರುತ್ತಿದ್ದರು. ಸೊಳ್ಳೆಗಳು ಅಲ್ಲಿಯೇ ಹುಟ್ಟುತ್ತಿದ್ದವು. ನಾನು ಆ ತಾಯಿಯನ್ನು ಕೇಳಿರಲಿಲ್ಲ, ಅವಳ ನೆರೆಹೊರೆಯವರನ್ನೂ ಕೇಳಿರಲಿಲ್ಲ. ಬಡವರು ತಮ್ಮ ಹಗೇವಿನಿಂದ ತೆಗೆದುಕೊಟ್ಟ ಜೋಳವು ಆಡುಗಳ ಪಾಲಾಯಿತು. ಮರುವರುಷ ಜೋಳಿಗೆ ಹಿಡಿದು ಹೋದಾಗ ಆ ಓಣಿಯ ಕೆಲವು ಬಾಗಿಲುಗಳು ತೆರೆಯಲೇ ಇಲ್ಲ. ನಷ್ಟವಾದದ್ದು ಸಸಿಗಳಿಗಿಂತ ಹೆಚ್ಚಿನದು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದು ಅವನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿದಳು. ಪುರಾಣ ಹೇಳುವಾಗ ಇದನ್ನು ನಿರಾಶೆಯ ದೃಷ್ಟಾಂತವೆಂದು ಹೇಳುತ್ತ ಬಂದಿದ್ದೇನೆ. ಈಗ ನೋಡಲಾಗಿ, ಅದರಲ್ಲಿ ಅಳತೆಯ ಮಾತೂ ಇದೆ. ಎಷ್ಟು ಬೇಕೆಂಬುದನ್ನು ಮೊದಲೇ ಬಲ್ಲವಳು ಲಕ್ಕಮ್ಮ. ತಂದುದನ್ನು ನೋಡಿ, ತೂಗಿ, ಗಂಡನೆಂಬ ದಾಕ್ಷಿಣ್ಯವಿಲ್ಲದೆ ಹೇಳಿದವಳೂ ಅವಳೇ. ನಮ್ಮ ತಂಡಗಳಲ್ಲಿ ಮಾರಯ್ಯಂದಿರು ಬಹಳ, ಲಕ್ಕಮ್ಮಂದಿರಿಗೆ ಸ್ಥಾನವೇ ಇಲ್ಲ.

ಆದುದರಿಂದ ಓಣಿಗೊಂದು ಸಣ್ಣ ತಂಡವಿರಲಿ, ಹತ್ತು ಜನ ಸಾಕು, ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಕೆಲಸ ಗೊತ್ತುಮಾಡುವ ಮೊದಲು ಮನೆಮನೆಗೆ ಹೋಗಿ ಕೇಳತಕ್ಕದ್ದು. ಕೇಳಿದುದನ್ನು ವಹಿಯಲ್ಲಿ ಬರೆಯತಕ್ಕದ್ದು. ಯಾವ ಕೆಲಸ, ಯಾರ ಹೊಣೆ, ಯಾವ ಹುಣ್ಣಿವೆಯೊಳಗೆ, ಎಷ್ಟು ಗಾಡಿ ಮುರುಮು, ಎಷ್ಟು ಆಳು ಎಂಬುದೆಲ್ಲವೂ ಅದರಲ್ಲಿರಬೇಕು. ಮುಗಿದ ಕೆಲಸವನ್ನು ಪರೀಕ್ಷಿಸುವವರು ಮಾಡಿದವರೇ ಆಗಬಾರದು, ಬೇರೆ ಓಣಿಯವರಾಗಬೇಕು. ಪರೀಕ್ಷೆಯ ಕಾಲವೂ ಮುಖ್ಯ. ಗಟಾರವನ್ನು ಬೇಸಿಗೆಯಲ್ಲಿ ನೋಡಿ ಹೊಗಳುವದು ಯಾವ ನ್ಯಾಯ? ಮುಂಗಾರಿನ ಮೊದಲ ಮಳೆಯ ದಿವಸ ಕೊಡೆ ಹಿಡಿದು ಹೋಗಿ ನೋಡಬೇಕು. ತಾರ್ಕಿಕರು ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುತ್ತಾರೆ. ಪೂಜೆಯ ಭಾವಚಿತ್ರವನ್ನು ಕಂಡು ಗಟಾರ ಹರಿಯುತ್ತಿದೆಯೆಂದು ಊಹಿಸುವದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ. ಇಲ್ಲಿ ಪ್ರತ್ಯಕ್ಷವೇ ಪ್ರಮಾಣ.

ಇಷ್ಟು ಕಟ್ಟುನಿಟ್ಟೇಕೆಂದು ಕೆಲವರು ಕೇಳಿಯಾರು. ಡಾಕ್ಟರ ನಾರಾಯಣರಾವ ಹರ್ಡೀಕರರು 1923ರಲ್ಲಿ ಸೇವಾದಳವನ್ನು ಕಟ್ಟಿದಾಗ ಉತ್ಸಾಹಕ್ಕಿಂತ ಶಿಸ್ತನ್ನೇ ಮುಂದಿಟ್ಟರು. 1924ರಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ಕೂಡಿದಾಗ ಶೌಚದ ಕೆಲಸಕ್ಕೂ ಸ್ವಯಂಸೇವಕರೇ ಮುಂದಾದರು. ಯಾವ ಕೆಲಸವೂ ಕೀಳಲ್ಲವೆಂಬ ಮಾತು ನಮಗೆ ಶರಣರಿಂದಲೇ ಬಂದುದು. ನಾವು ಅದನ್ನು ಹೆಚ್ಚಾಗಿ ವೇದಿಕೆಯ ಮೇಲೆ ಆಡುತ್ತೇವೆ.

ಇನ್ನೊಂದು ಎಚ್ಚರಿಕೆ. ಪಂಚಾಯತಿಯು ಮಾಡಬೇಕಾದುದನ್ನು ನಾವು ತಲೆಯ ಮೇಲೆ ಹೊತ್ತುಕೊಂಡು ಅದನ್ನು ಹೊಣೆಯಿಂದ ಬಿಡಿಸುವದು ಸೇವೆಯಲ್ಲ. 1993ರ ಪಂಚಾಯತ ರಾಜ್ಯ ಕಾಯಿದೆಯೂ ಅದರ ತಿದ್ದುಪಡಿಗಳೂ ವಾರ್ಡುಸಭೆ, ಗ್ರಾಮಸಭೆಗಳನ್ನು ನಮ್ಮ ಕೈಗೆ ಕೊಟ್ಟಿವೆ. ಯಾವ ಕೆಲಸ ಮೊದಲಾಗಬೇಕೆಂದು ಹೇಳುವ ಅಧಿಕಾರ ಅಲ್ಲಿ ಕೂತವರಿಗಿದೆ. ನಮ್ಮ ವಹಿಯನ್ನು ಹಿಡಿದು ಆ ಸಭೆಗೆ ಹೋಗೋಣ. ಮುರುಮು ಹಾಕುವದು ನಮ್ಮಿಂದಾದೀತು. ಕಾಂಕ್ರೀಟಿನ ಗಟಾರವನ್ನು ಕೇಳಿ ಪಡೆಯಬೇಕು.

ಶ್ರೀಗಳವರ ಅಪ್ಪಣೆಯ ಮೇರೆಗೆ ಮೊದಲನೆಯ ವಹಿಯನ್ನು ಇಂದು ಮಠದ ಕಟ್ಟೆಯ ಮೇಲೆ ಇರಿಸಿದೆ. ಯಾರು ಬೇಕಾದರೂ ತೆಗೆದು ಓದಬಹುದು, ಬರೆಯಬಹುದು. ಅದರ ಮೊದಲನೆಯ ಪುಟದಲ್ಲಿ ನನ್ನ ಸಸಿಗಳ ಖರ್ಚನ್ನೂ ಉಳಿದವು ಎರಡು ಎಂಬುದನ್ನೂ ನಾನೇ ನನ್ನ ಕೈಯಾರೆ ಬರೆದು ರುಜು ಮಾಡಿದ್ದೇನೆ. ಎರಡನೆಯ ಪುಟದಲ್ಲಿ ಆ ನಳದ ಮುಂದಿನ ಕೆಸರು ಇದೆ. ಹೊಣೆ ಹೊರುವವರ ಹೆಸರಿಗಾಗಿ ಸ್ಥಳ ಬಿಟ್ಟಿದೆ.