ಕೈ ಸೋಲುವ ತನಕ ಎತ್ತಬೇಕೆ?

ಸೆಟ್‌ನ ಕೊನೆಯಲ್ಲಿ ಎಷ್ಟು ಒದ್ದಾಡಿದರೂ ತೂಕ ಮೇಲೇಳದ ಹಂತಕ್ಕೆ ಜಿಮ್‌ಗಳಲ್ಲಿ ಫೇಲ್ಯೂರ್ ಅನ್ನುತ್ತಾರೆ. ಪ್ರತಿ ಸೆಟ್ಟನ್ನೂ ಅಲ್ಲಿಗೇ ಒಯ್ಯಬೇಕೆಂಬ ಹಟ ಎಲ್ಲಿಂದ ಬಂತು? ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಶಿಕಾಗೊದ ಗಾರ್ಡಿನರ್ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಎಂಬ ವೈದ್ಯ, ಮಂಡಿಗೆ ಪೆಟ್ಟಾದ ಸೈನಿಕರಿಂದ ಭಾರ ಎತ್ತಿಸಿ ಕಾಲಿಗೆ ಬಲ ತುಂಬುತ್ತಿದ್ದ. ಸಹೋದ್ಯೋಗಿ ವಾಟ್ಕಿನ್ಸ್ ಜೊತೆಗೂಡಿ 1948ರಲ್ಲಿ ಆತ ಪ್ರಕಟಿಸಿದ ಕ್ರಮ ಸರಳ: ರೋಗಿ ಹತ್ತೇ ಸಲ ಎತ್ತಬಲ್ಲ ತೂಕ ಯಾವುದೆಂದು ಮೊದಲು ಕಂಡುಕೊಳ್ಳಬೇಕು, ಅದರ ಅರ್ಧದಲ್ಲಿ ಒಂದು ಸೆಟ್, ಮುಕ್ಕಾಲಿನಲ್ಲಿ ಇನ್ನೊಂದು, ಪೂರ್ತಿ ತೂಕದಲ್ಲಿ ಕೊನೆಯದು. ಅಂದರೆ ಸೋಲುವ ಹಂತವೆಂಬುದು ತೂಕ ಗೊತ್ತುಮಾಡುವ ಅಳತೆಗೋಲಾಗಿತ್ತು. ಮೂರರಲ್ಲಿ ಎರಡು ಸೆಟ್ ಅದರ ಹತ್ತಿರವೂ ಸುಳಿಯುತ್ತಿರಲಿಲ್ಲ.

ಅಳತೆಗೋಲನ್ನೇ ಗುರಿಯಾಗಿಸಿದವರಲ್ಲಿ ಎಲ್ಲರಿಗಿಂತ ಜೋರು ದನಿ ಆರ್ಥರ್ ಜೋನ್ಸ್‌ನದು. 1970ರಲ್ಲಿ ನಾಟಿಲಸ್ ಯಂತ್ರಗಳನ್ನು ಮಾರುಕಟ್ಟೆಗೆ ತಂದ ಈತ, ಒಂದೇ ಸೆಟ್ ಸಾಕು, ಆದರೆ ಕೈ ಸೋಲಲೇಬೇಕು ಎಂದು ಸಾರಿದ. 1973ರಲ್ಲಿ ಕೊಲರಾಡೊದಲ್ಲಿ ತನ್ನ ಶಿಷ್ಯ ಕೇಸಿ ವಯೇಟರ್ 28 ದಿನಗಳಲ್ಲಿ 63 ಪೌಂಡ್ ಸ್ನಾಯು ಬೆಳೆಸಿಕೊಂಡ ಎಂದೂ ಹೇಳಿಕೊಂಡ. ವಯೇಟರ್ ಅದಕ್ಕೆ ಮುಂಚೆ ಅಪಘಾತ, ಕಾಯಿಲೆಗಳಿಂದ ಸೊರಗಿದ್ದ ಪಳಗಿದ ಪಟು. ಕಳೆದುಕೊಂಡದ್ದು ಮರಳುವುದಕ್ಕೂ ಹೊಸದು ಬೆಳೆಯುವುದಕ್ಕೂ ಅಜಗಜಾಂತರ. ಯಂತ್ರ ಮಾರುವವನೇ ಪರೀಕ್ಷಕನಾದರೆ ಫಲಿತಾಂಶ ಇನ್ನು ಹೇಗಿದ್ದೀತು! ಹಾಗಾದರೆ 1992ರಿಂದ 1997ರವರೆಗೆ ಸತತ ಆರು ಬಾರಿ ಮಿಸ್ಟರ್ ಒಲಿಂಪಿಯಾ ಗೆದ್ದ ಡೋರಿಯನ್ ಯೇಟ್ಸ್ ವಿಷಯ? ಆತ ಹಿಡಿದದ್ದೂ ಇದೇ ದಾರಿ, ನಿಜ. ಆದರೆ ಆತ ಮಾಡುತ್ತಿದ್ದ ಸೆಟ್‌ಗಳೇ ಕಡಿಮೆ. ಇಪ್ಪತ್ತು ಸೆಟ್ ಮಾಡುವವರು ಇಪ್ಪತ್ತರಲ್ಲೂ ಸೋಲಬೇಕೆಂದು ಅದರಿಂದ ಸಿದ್ಧವಾಗುವುದಿಲ್ಲ.

2017ರಲ್ಲಿ ಪ್ರಕಟವಾದ ಸ್ಪೇನ್‌ನ ಅಧ್ಯಯನವೊಂದರಲ್ಲಿ ಯುವಕರು ಎಂಟು ವಾರ ಸ್ಕ್ವಾಟ್ ಮಾಡಿದರು. ಒಂದು ಗುಂಪು ಎತ್ತುವ ವೇಗ ಶೇ. 20ರಷ್ಟು ಕುಗ್ಗಿದೊಡನೆ ಸೆಟ್ ನಿಲ್ಲಿಸಿತು, ಇನ್ನೊಂದು ಶೇ. 40ರಷ್ಟು ಕುಗ್ಗುವ ತನಕ, ಎಷ್ಟೋ ಸಲ ಫೇಲ್ಯೂರ್ ಮುಟ್ಟುವ ತನಕ ಮುಂದುವರಿಸಿತು. ಬಲ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಸಮ ಏರಿತು. ಜಿಗಿತದಲ್ಲಿ ಮೊದಲ ಗುಂಪು ಮುಂದು, ತೊಡೆಯ ಸ್ನಾಯುವಿನ ಗಾತ್ರದಲ್ಲಿ ಎರಡನೆಯದು. ಹಾಗಾಗಿ ಗಾತ್ರ ಬೇಕಾದವರು ಅಂಚಿನ ಹತ್ತಿರ ಹೋಗಲಿ. ಬಲ, ಚುರುಕು ಬೇಕಾದವರು ಇನ್ನೊಂದೆರಡು ಸಲ ಎತ್ತುವಷ್ಟು ಉಳಿಸಿಕೊಂಡರೆ ನಷ್ಟವೇನಿಲ್ಲ. ಎಂದೂ ಸೋಲದವರಿಗೆ ಎಷ್ಟು ಉಳಿದಿದೆಯೆಂದು ತಿಳಿಯುವುದಾದರೂ ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ, ಹೊಸಬರ ಅಂದಾಜು ಸಾಮಾನ್ಯವಾಗಿ ತಪ್ಪುತ್ತದೆ. ಲೆಗ್ ಎಕ್ಸ್‌ಟೆನ್ಷನ್‌ನಂಥ ಯಂತ್ರದಲ್ಲಿ ಆಗಾಗ ಪೂರ್ತಿ ಸೋತು ನೋಡಿದರೆ ಲೆಕ್ಕ ಸಿಗುತ್ತದೆ. ಹೆಗಲ ಮೇಲೆ ಬಾರ್ ಹೊತ್ತು ಮಾಡುವ ಸ್ಕ್ವಾಟ್‌ನಲ್ಲಿ ಮಾತ್ರ ಈ ಪ್ರಯೋಗ ಬೇಡ.