ಸಂತೆಯ ಹೊತ್ತಿಗೆ ಮೂರು ಮೊಳ

ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ ಎಂಬ ಗಾದೆ ನಮ್ಮಲ್ಲಿದೆ. ಕೊನೆಯ ಗಳಿಗೆಯಲ್ಲಿ ಅವಸರದಿಂದ ಮಾಡಿ ಮುಗಿಸಿದ ಕೆಲಸವನ್ನು ಹಳಿಯಲು ಅದನ್ನು ಬಳಸುತ್ತೇವೆ. ವಿದ್ಯಾರ್ಥಿಗಳ ಪ್ರಬಂಧಗಳ ಅಂಚಿನಲ್ಲಿ ನಾನೇ ಅದನ್ನು ಎಷ್ಟೋ ಸಲ ಬರೆದದ್ದುಂಟು. ಆದರೆ ಆ ನೇಕಾರ ಏಕೆ ತಡಮಾಡಿದ? ನೂಲಿಗೆ ಸಾಲ ಹುಟ್ಟಲಿಲ್ಲವೋ, ಮನೆಯಲ್ಲಿ ಮಗುವಿಗೆ ಜ್ವರವೋ, ಗಾದೆ ಹೇಳುವುದಿಲ್ಲ. ಗಾದೆಯನ್ನು ಕಟ್ಟಿದವನು ಕೊಳ್ಳುವವನಿರಬೇಕು, ನೇಯುವವನಂತೂ ಅಲ್ಲ.

ಸಂತೆ ನಮ್ಮ ಹಳ್ಳಿಗಳ ಹಳೆಯ ಪಂಚಾಂಗ. ಕೊಡಗಿನಲ್ಲಿ ಶನಿವಾರಸಂತೆ, ಸೋಮವಾರಪೇಟೆಗಳೆಂಬ ಊರುಗಳೇ ಇವೆ. ಅತ್ತ ಸಂತೇಬೆನ್ನೂರು, ಇತ್ತ ಸಂತೇಮರಹಳ್ಳಿ. ಈ ಸಂತೆಗಳಿಗೆ ಬೆಳೆದು ತರುವ ರೈತರು ಬರುತ್ತಾರೆ, ಕೊಂಡು ತಂದು ಮಾರುವ ವ್ಯಾಪಾರಿಗಳು ಬರುತ್ತಾರೆ. ಇವರಿಬ್ಬರ ನಡುವೆ ಮೂರನೆಯ ಪಂಗಡವೊಂದಿದೆ: ತಾವೇ ಮಾಡಿ ತಾವೇ ಮಾರುವವರು. ಹಿಂದೆ ಕುಂಬಾರರು, ಮೇದರು, ಕಂಬಳಿಯವರು ಈ ಸಾಲಿನಲ್ಲಿದ್ದರು. ಪ್ಲಾಸ್ಟಿಕ್ಕು ಬಂದ ಮೇಲೆ ಗಡಿಗೆ ಬುಟ್ಟಿಗಳ ಸಾಲು ಕಿರಿದಾಯಿತು. ಈಗ ಅಲ್ಲಿ ಮನೆಯಲ್ಲೇ ಚಟ್ನಿಪುಡಿ, ಹುರಿಹಿಟ್ಟು, ಸಂಡಿಗೆಗಳನ್ನು ಮಾಡಿ ತರುವ ಹೆಣ್ಣುಮಕ್ಕಳು ಕುಳಿತಿರುತ್ತಾರೆ.

ನಮ್ಮೂರಿನ ಸಂತೆಯಲ್ಲಿ ಅಂಥವಳೊಬ್ಬಳನ್ನು ನಾನು ಕೆಲವು ವರ್ಷಗಳಿಂದ ಬಲ್ಲೆ. ಸಂತೆಯಲ್ಲಿ ಜಾಗವನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಆದರೂ ಪ್ರತಿಯೊಂದು ಜಾಗಕ್ಕೂ ಒಡೆಯರುಂಟು. ತಲೆಮಾರಿನಿಂದ ಕುಳಿತವರಿಗೆ ಹುಣಸೆಮರದ ನೆರಳು, ಹೊಸಬರಿಗೆ ಬಸವನಹುಳುವಿನಂತೆ ಬೆನ್ನಿನ ಮೇಲೆ ತಾವೇ ಹೊತ್ತು ತಂದ ನೆರಳು. ಆಕೆಯದು ಮೂಲೆಯ ಜಾಗ, ತಲೆಯ ಮೇಲೊಂದು ಕೊಡೆ. ಸಂತೆಯ ಸುಂಕವನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರನ ಆಳು ಬಂದು ಚೀಟಿ ಹರಿದುಕೊಡುತ್ತಾನೆ. ಬೋಣಿಯಾಗಿದೆಯೋ ಇಲ್ಲವೋ ಎಂಬುದು ಅವನ ಚೀಟಿಗೆ ತಿಳಿಯದು.

ಒಮ್ಮೆ ಆಕೆ ತನ್ನ ಲೆಕ್ಕವನ್ನು ನನಗೆ ಒಪ್ಪಿಸಿದಳು. ಹುಚ್ಚೆಳ್ಳು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಗ್ಯಾಸು, ಪೊಟ್ಟಣದ ಚೀಲ, ಬಸ್ಸಿನ ಚಾರ್ಜು, ಸುಂಕ. ನಾನು ಕೇಳಿದೆ: “ನಿನ್ನ ಕೂಲಿ ಎಲ್ಲಿ ಸೇರಿತಮ್ಮ?”

“ಅದನ್ನೂ ಹಾಕಿದ್ರೆ ಯಾರು ತಗೋತಾರೆ ಮೇಷ್ಟ್ರೇ?” ಎಂದಳು.

ಕೊಳ್ಳುವವರ ಮಾತೂ ಅದಕ್ಕೆ ತಕ್ಕಂತೆಯೇ ಇದೆ. ಮೆಣಸಿನ ಘಾಟಿನಲ್ಲಿ ಕುಳಿತು ಹುರಿದು ಕುಟ್ಟಿದ ಪುಡಿಯನ್ನು ಮೂಸಿ ನೋಡಿ, “ಇದನ್ನು ನಾವು ಮನೆಯಲ್ಲೇ ಮಾಡಿಕೊಳ್ಳುತ್ತೇವೆ” ಎನ್ನುತ್ತಾರೆ. ಮಾಡಿಕೊಳ್ಳುವುದಿಲ್ಲ ಎಂಬುದು ಬೇರೆ ಮಾತು! ಟೊಮೆಟೊ ಬೆಳೆದವನ ಶ್ರಮ ಹೊಲದಲ್ಲಿ ಕಾಣುತ್ತದೆ; ಅಡುಗೆಮನೆಯ ಶ್ರಮ ನಮಗೆ ಶ್ರಮವೆಂದೇ ತೋರುವುದಿಲ್ಲ.

ಸೇರು ಪಾವುಗಳಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಅಳತೆಯ ಮೇಲೊಂದು ಹಿಡಿ ಕೊಸರು ಹಾಕುವುದು ವಾಡಿಕೆಯಾಗಿತ್ತು. 1958ರಿಂದ ಹಂತಹಂತವಾಗಿ ಮೆಟ್ರಿಕ್ ತೂಕ ಜಾರಿಗೆ ಬಂದಿತು. ತಕ್ಕಡಿಯವನು ಮಾತ್ರ ಕೊಸರನ್ನು ಬಿಡಲಿಲ್ಲ. ಒಂದು ಬದನೆಕಾಯಿಯನ್ನಾದರೂ ಮೇಲೆ ಎಸೆಯುತ್ತಾನೆ. ಬಾಯಿ ಬೆಸೆದ ನೂರು ಗ್ರಾಮಿನ ಪೊಟ್ಟಣಕ್ಕೆ ಕೊಸರು ಹಾಕುವುದೆಲ್ಲಿ? ಅದನ್ನು ನಾವು ಬೆಲೆಯಲ್ಲಿ ಕಿತ್ತುಕೊಳ್ಳುತ್ತೇವೆ.

ನಾವು ಎಂದೆ, ನಾನು ಎನ್ನಬೇಕು. ಒಂದು ಸಂಜೆ ಹೊತ್ತು ಇಳಿಯುವಾಗ ಸಂತೆಗೆ ಹೋದೆ. ಆ ಹೊತ್ತಿಗೆ ಸೊಪ್ಪು ಟೊಮೆಟೊಗಳ ಬೆಲೆ ಬಿಸಿಲಿನ ಜೊತೆಗೇ ಇಳಿದಿರುತ್ತದೆ. ಮಾರದಿದ್ದರೆ ಬಾಡುತ್ತವೆ, ಕೊಳೆಯುತ್ತವೆ. ಅದೇ ಚೌಕಾಸಿಯ ನಾಲಗೆಯನ್ನು ಹೊತ್ತುಕೊಂಡು ಆಕೆಯ ಮುಂದೆ ನಿಂತೆ. ಅರವತ್ತು ರೂಪಾಯಿಯ ಪೊಟ್ಟಣಕ್ಕೆ ಐವತ್ತು ಕೇಳಿದೆ. ಆಕೆ ಬಸ್‌ನಿಲ್ದಾಣದ ಕಡೆಗೊಮ್ಮೆ ನೋಡಿ, ಕೊಟ್ಟುಬಿಟ್ಟಳು. ಚಟ್ನಿಪುಡಿ ಒಂದು ಸಂಜೆಗೆ ಕೆಡುವ ಪದಾರ್ಥವಲ್ಲವಲ್ಲ ಎಂದು ನನಗೆ ಹೊಳೆದದ್ದು ಮನೆಯಲ್ಲಿ ರೊಟ್ಟಿಯ ಜೊತೆ ಅದನ್ನು ಕಲಸಿಕೊಳ್ಳುವಾಗ. ಅಂದು ನಾನು ಕಡಮೆ ಮಾಡಿಸಿದ್ದು ಪುಡಿಯ ಬೆಲೆಯನ್ನಲ್ಲ, ಕೊನೆಯ ಬಸ್ಸಿನ ಅವಸರವನ್ನು ಬಳಸಿಕೊಂಡು ಆಕೆಯ ಕೂಲಿಯನ್ನು.

ಮುಂದಿನ ವಾರ ಹತ್ತು ರೂಪಾಯಿಯನ್ನು ಹಿಂದಿರುಗಿಸಲು ಹೋದೆ. “ಹೋದ ವಾರದ ವ್ಯಾಪಾರ ಹೋದ ವಾರಕ್ಕೇ ಮುಗೀತು” ಎಂದು ಆಕೆ ಕೈ ಒಡ್ಡಲಿಲ್ಲ. ಬದಲಿಗೆ ಚೀಲದಿಂದ ಒಂದು ಕಾಗದವನ್ನು ತೆಗೆದಳು. 2006ರ ಆಹಾರ ಸುರಕ್ಷತೆಯ ಕಾಯಿದೆ ಸಣ್ಣ ತಯಾರಕರನ್ನೂ ನೋಂದಣಿಗೆ ಕರೆದಿದೆಯಷ್ಟೆ. ಪೊಟ್ಟಣದ ಮೇಲೆ ಏನೇನು ಬೆರೆಸಿದೆ, ಎಂದು ತಯಾರಾಯಿತು ಎಂಬುದನ್ನು ಅಚ್ಚು ಹಾಕಿಸಬೇಕೆಂದು ಯಾರೋ ತಿಳಿಸಿದ್ದರು. “ತಪ್ಪಿದ್ರೆ ತಿದ್ದಿಕೊಡಿ ಮೇಷ್ಟ್ರೇ” ಎಂದಳು.

ಹುಚ್ಚೆಳ್ಳಿನ ಒತ್ತಕ್ಷರವೊಂದು ಬಿಟ್ಟುಹೋಗಿತ್ತು, ಸೇರಿಸಿದೆ. ಬೆಲೆಯ ಜಾಗ ಖಾಲಿಯಿತ್ತು. ಏನು ಬರೆಯಲಿ ಎಂದು ಕೇಳಿದೆ. ಆಕೆ ಬೆರಳು ಮಡಿಚಿ ಏನನ್ನೋ ಎಣಿಸಿ, ಅರವತ್ತೈದು ಎಂದಳು.